11ನೇ ನಂಬರಿನಿಂದ ಶುರುವಾದ ಪುಸ್ತಕಗಳು

ದಸರಾ ರಜೆಗೆ ಸುರಪುರಕ್ಕೆ ಹೋದಾಗ ಅಟ್ಟ ಸ್ವಚ್ಛ ಮಾಡೋ ಕೆಲಸ ನಮ್ಮ ಪಾಲಿಗೆ ಬಂತು. ನಾವು ಅಂದ್ರೆ ಅಣ್ಣ ತಮ್ಮಂದಿರ ಮಕ್ಕಳು ಮೂರು ಮಂದಿ. ಮೂವರದ್ದೂ ಇಂಗ್ಲಿಷ್ ಮೀಡಿಯಂ, ಮೂವರದ್ದೂ ಎಂಜಿನಿಯರಿಂಗ್. ಕಾಕಾನ ಹಳೇ ತಗಡಿನ ಟ್ರಂಕು ಇಳಿಸಿ ತೆರೆದ್ವಿ. ಒಳಗೆ ಚಂದಮಾಮ, ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರ ಕಥೆ, ಟಿಂಕಲ್. ಪಿನ್ನು ತುಕ್ಕು ಹಿಡಿದು ಹಾಳೆಗಳೆಲ್ಲ ಬಿಡಿಬಿಡಿ. ಜೊತೆಗೆ ಒಂದು ನೋಟ್‌ಬುಕ್. ಅದರ ತುಂಬ ಪೇಪರಿನಿಂದ ಕತ್ತರಿಸಿ ಅಂಟಿಸಿದ ಕಾಮಿಕ್ ಪಟ್ಟಿಗಳು, ಒಂದೊಂದರಲ್ಲಿ ಮೂರೋ ನಾಲ್ಕೋ ಚೌಕ. 80ರ ದಶಕದಲ್ಲಿ ಕಾಕಾ ಶಾಲೆ ಹುಡುಗ. ನಾಳೆ ಏನಾಗ್ತದೆ ಅಂತ ತಿಳಿಯೋಕೆ ನಾಳೆಯ ಪೇಪರೇ ಬರಬೇಕಿತ್ತು. ನಾವೋ ಒಂದೇ ರಾತ್ರಿಯಲ್ಲಿ ಇಡೀ ಸೀಸನ್ ಮುಗಿಸುವ ಜನ.

ಸ್ವಚ್ಛತೆ ಅಲ್ಲಿಗೇ ನಿಂತಿತು. ಟ್ರಂಕಿನ ಅರ್ಧಕ್ಕಿಂತ ಹೆಚ್ಚು ಪುಸ್ತಕಗಳ ಹಿಂದೆ ಒಬ್ಬರ ಕೈ ಇದೆ ಅಂತ ಗೊತ್ತಾಗೋಕೆ ಹೊತ್ತು ಹಿಡಿಯಲಿಲ್ಲ. ಅವರೇ ಅನಂತ ಪೈ. ಕಾಕಾನ ಪೀಳಿಗೆಗೆ ಅಂಕಲ್ ಪೈ.

ಪೈ ಹುಟ್ಟಿದ್ದು 1929ರ ಸೆಪ್ಟೆಂಬರ್ 17ರಂದು, ನಮ್ಮದೇ ರಾಜ್ಯದ ಕಾರ್ಕಳದಲ್ಲಿ. ಎರಡು ವರ್ಷದ ಕೂಸಾಗಿದ್ದಾಗಲೇ ತಂದೆ ತಾಯಿ ಇಬ್ಬರೂ ತೀರಿಹೋದರು. 12ನೇ ವಯಸ್ಸಿಗೆ ಮುಂಬೈ ಸೇರಿದರು. ಅಲ್ಲಿ ಓದಿದ್ದು ಕೆಮಿಕಲ್ ಟೆಕ್ನಾಲಜಿ. ಕೆಮಿಕಲ್ ಬ್ರಾಂಚಿನ ಗೆಳೆಯರು ಇಲ್ಲಿ ಕಾಲರ್ ಏರಿಸಬಹುದು. ಆದರೆ ಪೈ ಆ ದಾರಿಯಲ್ಲಿ ಮುಂದೆ ಹೋಗಲಿಲ್ಲ. 1954ರಲ್ಲಿ ಮಾನವ್ ಅಂತ ಮಕ್ಕಳ ಪತ್ರಿಕೆ ಶುರು ಮಾಡಿದರು, ಅದು ನಡೆಯಲಿಲ್ಲ. ಆಗ ಅವರ ವಯಸ್ಸು 25ರ ಆಸುಪಾಸು. ಕೈಯಲ್ಲಿ ಒಳ್ಳೇ ಡಿಗ್ರಿ, ಎದುರಿಗೆ ಮುಚ್ಚಿಹೋದ ಪತ್ರಿಕೆ. ಒಂದು ಬ್ಯಾಕ್‌ಲಾಗ್‌ಗೇ ಕುಸಿದು ಕೂಡುವ ನಾವು ಈ ಸಾಲಿನ ಹತ್ರ ಸ್ವಲ್ಪ ಹೊತ್ತು ಸುಮ್ಮನಾದ್ವಿ.

ಆಮೇಲೆ ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗದಲ್ಲಿ ಕೆಲಸ ಸಿಕ್ಕಿತು. 1964ರಲ್ಲಿ ಆ ಸಂಸ್ಥೆ ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದಾಗ ಪೈ ಆ ಕೆಲಸದಲ್ಲಿದ್ದರು. ಮೊದಲ ಸಂಚಿಕೆಯ ನಾಯಕ ಫ್ಯಾಂಟಮ್. ಈ ಫ್ಯಾಂಟಮ್ ಮೂಲದಲ್ಲಿ ಪೇಪರಿನ ಪಟ್ಟಿಯೇ. ಅಮೆರಿಕದ ಲೀ ಫಾಕ್ 1936ರಿಂದ ದಿನಕ್ಕಿಷ್ಟು ಚೌಕದಂತೆ ಬರೆಯುತ್ತಿದ್ದ ಕಥೆಯನ್ನು ಇಲ್ಲಿ ಕತ್ತರಿಸಿ, ಮರುಜೋಡಿಸಿ ಪುಸ್ತಕದ ಪುಟಕ್ಕೆ ಹೊಂದಿಸುತ್ತಿದ್ದರು. ಅಂದ್ರೆ ಕಾಕಾ ನೋಟ್‌ಬುಕ್ಕಿನಲ್ಲಿ ಅಂಟು ಹಚ್ಚಿ ಮಾಡಿದ್ದನ್ನೇ ಅವರು ಆಫೀಸಿನಲ್ಲಿ ಕೂತು ಮಾಡ್ತಿದ್ದರು. ಫಾಕ್‌ನ ಕಾಡಿನ ದೇಶದ ಹೆಸರು ಬಂಗಾಳದಂತೆ ಕೇಳಿಸುತ್ತಿತ್ತು ಅಂತ ಇಲ್ಲಿ ಅದನ್ನು ಡೆಂಕಾಲಿ ಮಾಡಿದರು. ಕಾಕಾ ಇವತ್ತಿಗೂ ಡೆಂಕಾಲಿ ಅಂತಲೇ ಹೇಳ್ತಾನೆ.

1967ರಲ್ಲಿ ಪೈ ದೆಹಲಿಗೆ ಹೋಗಿದ್ದರು. ಆಗ ದೇಶದಲ್ಲಿ ಟಿವಿ ಇದ್ದದ್ದೇ ಅಲ್ಲಿ. ಟಿವಿಯ ಕ್ವಿಜ್ ಒಂದರಲ್ಲಿ ಮಕ್ಕಳು ಗ್ರೀಕ್ ದೇವತೆಗಳ ಪ್ರಶ್ನೆಗೆ ಪಟ್ಟನೆ ಉತ್ತರ ಕೊಟ್ಟರು. ರಾಮನ ತಾಯಿ ಯಾರು ಅಂತ ಕೇಳಿದಾಗ ತಡವರಿಸಿದರು. ಅನಂತ ಪೈ ಬಗ್ಗೆ ಬರೆಯುವವರೆಲ್ಲ ಹೇಳುವ ಕಥೆ ಇದು, ನಾವೂ ಬಿಡೋದಿಲ್ಲ. ಪೈ ಟೈಮ್ಸ್ ಕೆಲಸ ಬಿಟ್ಟರು. ನಮ್ಮ ಕಥೆಗಳ ಕಾಮಿಕ್ಸ್ ತರ್ತೀನಿ ಅಂತ ಪ್ರಕಾಶಕರ ಬಾಗಿಲು ತಟ್ಟಿದರು. ಕೊನೆಗೆ ಒಪ್ಪಿದ್ದು ಇಂಡಿಯಾ ಬುಕ್ ಹೌಸ್‌ನ ಮೀರಚಂದಾನಿ.

ಇಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಅಮರ ಚಿತ್ರ ಕಥೆಯಲ್ಲಿ ಪೈ ತಂದ ಮೊದಲ ಪುಸ್ತಕ ಕೃಷ್ಣ. ಬರೆದದ್ದು ಪೈ, ಚಿತ್ರ ರಾಮ್ ವಾಯೀರ್ಕರ್ ಅವರದು. ಅದರ ನಂಬರ್ ಮಾತ್ರ 11. ಹಾಗಾದ್ರೆ ಮೊದಲ ಹತ್ತು? ಅವು ಕನ್ನಡದಲ್ಲಿ ಬಂದಿದ್ದವು! 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಜಿ. ಕೆ. ಅನಂತರಾಮ್ ಮುಂದಾಗಿ, ಇದೇ ಹೆಸರಿನಲ್ಲಿ ಕನ್ನಡದ ಹತ್ತು ಪುಸ್ತಕ ತಂದಿದ್ದರು. ಕಥೆಗಳು ಮಾತ್ರ ಸಿಂಡ್ರೆಲ್ಲಾ ಥರದ ಪರದೇಶದವು. ಭಾಷೆ ನಮ್ಮದು, ಕಥೆ ಅವರದು. ಪೈ ಬಂದ ಮೇಲೆ ಕಥೆ ನಮ್ಮದಾಯಿತು, ಭಾಷೆ ಮೊದಲು ಇಂಗ್ಲಿಷ್ ಆಯಿತು. ನಮ್ಮಂಥ ಇಂಗ್ಲಿಷ್ ಮೀಡಿಯಂ ಮಕ್ಕಳಿಗೇ ಮಾಡಿದ ಲೆಕ್ಕ ಇದು ಅನ್ನಿಸ್ತು. ಆಮೇಲೆ ಕನ್ನಡವೂ ಸೇರಿ ಹಲವು ಭಾಷೆಗೆ ಹೋಯಿತು ಬಿಡಿ, ಕಾಕಾನ ಟ್ರಂಕೇ ಸಾಕ್ಷಿ.

ಮೊದಮೊದಲು ಖರ್ಚು ಉಳಿಸೋಕೆ ಪುಟಗಳಿಗೆ ಹಳದಿ, ನೀಲಿ, ಹಸಿರು ಬಣ್ಣವಷ್ಟೇ. ಪೂರ್ತಿ ಬಣ್ಣ ಆಮೇಲೆ ಬಂತು. ನಿಧಾನಕ್ಕೆ ಮಾರಾಟ ಏರಿತು. ಪೈ ಪೇಪರಿನ ಪಟ್ಟಿಯನ್ನೂ ಮರೆತಿರಲಿಲ್ಲ. 1969ರಲ್ಲಿ ರಂಗ ರೇಖಾ ಫೀಚರ್ಸ್ ಅಂತ ಶುರು ಮಾಡಿ ಪತ್ರಿಕೆಗಳಿಗೆ ಕಾಮಿಕ್ಸ್ ಕೊಡೋ ಕೆಲಸಕ್ಕೆ ಕೈ ಹಾಕಿದರು. ಬಾಲ ಬೇಕಾದಷ್ಟು ಉದ್ದ ಮಾಡುವ ಕೋತಿ ಕಪೀಶ್ ಅಲ್ಲಿಯವನೇ. 1980ರ ನವೆಂಬರ್‌ನಲ್ಲಿ ಟಿಂಕಲ್ ಬಂತು. ಹೇಳಿದ್ದನ್ನು ಅಕ್ಷರಶಃ ಮಾಡಿ ಯಜಮಾನನ ತಲೆ ಕೆಡಿಸುವ ಸುಪ್ಪಂಡಿ ಅಲ್ಲಿ ಹುಟ್ಟಿದ, ಅದೂ ಓದುಗರೊಬ್ಬರು ತಮಿಳುನಾಡಿನಿಂದ ಬರೆದು ಕಳಿಸಿದ ಕಥೆಯಿಂದ. ಕೋಡ್ ಬರೆಯುವವರಿಗೆ ಸುಪ್ಪಂಡಿಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಕಂಪ್ಯೂಟರೂ ಅಷ್ಟೇ ತಾನೇ, ಹೇಳಿದ್ದಷ್ಟೇ ಮಾಡ್ತದೆ.

ಪೈ ಪುಸ್ತಕಗಳಿಗೆ ಬರೀ ಹೊಗಳಿಕೆಯೇ ಸಿಗಲಿಲ್ಲ. ದೇವರು, ರಾಜರು ಬೆಳ್ಳಗೆ, ರಾಕ್ಷಸರು ಕಪ್ಪಗೆ, ಹೆಂಗಸರ ಕಥೆ ಕಡಿಮೆ ಅಂತ ವಿದ್ವಾಂಸರು ಟೀಕಿಸಿದ್ದಾರೆ. ಹಾಳೆ ತಿರುವಿ ನೋಡಿದ್ವಿ, ಆ ಮಾತು ಸುಳ್ಳಲ್ಲ. ಆದರೂ ಊಟಕ್ಕೆ ಕರೆದಾಗ ಮೂವರಲ್ಲಿ ಒಬ್ಬರೂ ಏಳಲಿಲ್ಲ ಅನ್ನೋದೂ ಸುಳ್ಳಲ್ಲ.

1990ರ ದಶಕದಲ್ಲಿ ಟಿವಿಯ ಅಬ್ಬರಕ್ಕೆ ಮಾರಾಟ ಕುಸಿಯಿತು. 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ದೇಶದ ಮೊದಲ ಕಾಮಿಕ್ ಕಾನ್ ನಡೆದಾಗ ಪೈ ಅವರಿಗೆ ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟರು. ಅದಾದ ಕೆಲವೇ ದಿನಕ್ಕೆ, 24ರಂದು, 81ನೇ ವಯಸ್ಸಿನಲ್ಲಿ ಮುಂಬೈಯಲ್ಲಿ ತೀರಿಕೊಂಡರು. ನಾವು ಆಗ ಇನ್ನೂ ಅಂಗನವಾಡಿ ವಯಸ್ಸಿನವರು.

ಇದೆಲ್ಲ ಓದಿಕೊಂಡು ಸಂಜೆ ಕಾಕಾಗೆ ಆ ದೆಹಲಿ ಕ್ವಿಜ್ಜಿನ ಕಥೆ ದೊಡ್ಡದಾಗಿ ಹೇಳಿದ್ವಿ. ಮಾಳಿಗೆ ಮೇಲೆ ಕೂತಿದ್ದ ಕಾಕಾ ಸುಮ್ಮನೆ ಕೇಳಿದ. ನಂತರ ಟೇಲರ್ ಮಂಜಿಲ್ ಇರುವ ಗುಡ್ಡದ ಕಡೆ ಕೈ ತೋರಿಸಿ, ಅದನ್ನು ಕಟ್ಟಿಸಿದವರು ಯಾರು ಅಂತ ಕೇಳಿದ. ಮೂವರೂ ಒಟ್ಟಿಗೆ ಮೆಡೋಸ್ ಟೇಲರ್ ಅಂದ್ವಿ. ಥಾರ್‌ನ ತಾಯಿ? ಫ್ರಿಗ್ಗಾ, ಅದೂ ಗೊತ್ತು. ಬ್ರಿಟಿಷರ ಮೇಲೆ ತಿರುಗಿಬಿದ್ದು 1858ರಲ್ಲಿ 24ನೇ ವಯಸ್ಸಿಗೇ ಸತ್ತ ನಮ್ಮೂರ ರಾಜಾ ವೆಂಕಟಪ್ಪ ನಾಯಕನ ತಾಯಿ?

ನಾವು ಒಬ್ಬರ ಮುಖ ಒಬ್ಬರು ನೋಡಿದ್ವಿ. ಕೈ ತಂತಾನೇ ಫೋನಿನ ಕಡೆ ಹೋಯಿತು, ಕಾಕಾ ನಕ್ಕ.

ರಾಣಿ ಈಶ್ವರಮ್ಮ. ಮಗ ಚಿಕ್ಕವನಿದ್ದಾಗ ಸಂಸ್ಥಾನ ನಡೆಸಿದವಳು. ಟ್ರಂಕಿನೊಳಗಿನ ರಾಶಿಯಲ್ಲಿ ಅವಳ ಪುಸ್ತಕ ಇರಲಿಲ್ಲ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಮಾತ್ರ ಕಾಕಾ ಹುಡುಗನಿದ್ದಾಗ ಪೆನ್ಸಿಲ್ಲಿನಲ್ಲಿ ಗೀಚಿದ ನಾಲ್ಕು ಚೌಕ ಇದ್ದವು. ಕುದುರೆ ಮೇಲೆ ವೆಂಕಟಪ್ಪ ನಾಯಕ, ಮುಖಕ್ಕೆ ಫ್ಯಾಂಟಮ್‌ನ ಮುಖವಾಡ, ಹಿಂದೆ ಸುರಪುರದ ಗುಡ್ಡ. ಮಾತಿನ ಗುಳ್ಳೆಗಳು ನಾಲ್ಕೂ ಖಾಲಿ.