ಹೇಸಿಗೆಯನ್ನು ನುಂಗಿಕೊಂಡ ಸಂತ

ಸಂತ ಅಲೋಶಿಯಸ್ ಗೊನ್ಜಾಗರ ಚಿತ್ರಪಟವನ್ನು ನೀವು ನೋಡಿರುತ್ತೀರಿ. ಬಿಳಿ ಮೇಲಂಗಿ, ಲಿಲಿ ಹೂ, ಶಾಂತ ಮುಖ. ಅವರು ದುಡಿದ ಆಸ್ಪತ್ರೆಯ ಸುಳಿವೇ ಅದರಲ್ಲಿಲ್ಲ.

ಇಟಲಿಯ ಪ್ರಭುಮನೆತನದ ಹಿರಿಯ ಮಗನಾಗಿ 1568ರಲ್ಲಿ ಹುಟ್ಟಿದ ಅವರು, ಹಕ್ಕನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟು 1585ರಲ್ಲಿ ರೋಮಿನಲ್ಲಿ ಯೇಸುಸಭೆ ಸೇರಿದರು. 1591ರಲ್ಲಿ ಆ ನಗರದಲ್ಲಿ ಸಾಂಕ್ರಾಮಿಕ ಪಿಡುಗು ಹಬ್ಬಿತು. ಅಲೋಶಿಯಸ್ ಬೀದಿಯಲ್ಲಿ ಬಿದ್ದವರನ್ನು ಹೊತ್ತು ಆಸ್ಪತ್ರೆಗೆ ತಂದರು, ಮೈ ತೊಳೆದರು, ಉಣಿಸಿದರು. ಆದರೆ ರೋಗಿಗಳ ದುರ್ನಾತಕ್ಕೆ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಅದನ್ನು ಮುಚ್ಚಿಡದೆ ತಮ್ಮ ಆಧ್ಯಾತ್ಮಿಕ ಗುರು ರಾಬರ್ಟ್ ಬೆಲ್ಲರ್ಮಿನರಿಗೆ ಹೇಳಿಕೊಂಡರು; ಮತ್ತೆ ರೋಗಿಗಳ ಬಳಿಗೇ ಹೋದರು. 2020ರಲ್ಲಿ ಕೊರೋನಾ ವಾರ್ಡಿನ ಪಾಳಿ ಮುಗಿಸಿ ಬಂದು, ಊಟ ಸೇರದೆ ಕುಳಿತ ದಾದಿ ಮಗಳು ನಿಮ್ಮ ಮನೆಯಲ್ಲಿದ್ದರೆ, ಅದು ತನ್ನ ವಿಶ್ವಾಸದ ಕೊರತೆಯೆಂದು ಆಕೆಗೆ ಅನ್ನಿಸಿದ್ದರೆ, ದಯವಿಟ್ಟು ಈ ಸಂಗತಿಯನ್ನು ತಿಳಿಸಿ.

ಜೊತೆಗಾರರು ಕಾಯಿಲೆ ಬಿದ್ದಾಗ ಹಿರಿಯರು ಅವರನ್ನು ತಡೆದರು. ಅಲೋಶಿಯಸ್ ಬೇಡಿಕೊಂಡು, ಸೋಂಕಿನವರನ್ನು ಸೇರಿಸಿಕೊಳ್ಳದ ಬೇರೊಂದು ಆಸ್ಪತ್ರೆಯಲ್ಲಿ ಸೇವೆಗೆ ಅನುಮತಿ ಪಡೆದರು. ಅಲ್ಲಿಯೂ ಒಬ್ಬ ರೋಗಿಯನ್ನು ಎತ್ತಿಕೊಂಡಾಗ ಸೋಂಕು ತಗಲಿತು. ಮೂರು ತಿಂಗಳಿಗೂ ಮೀರಿ ಜ್ವರದಲ್ಲಿ ಬಳಲಿ, ಜೂನ್ 21ರಂದು, 23ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಅಳಲನ್ನು ಕೇಳಿದ್ದ ಬೆಲ್ಲರ್ಮಿನರು ಮುಂದೆ ಕಾರ್ಡಿನಲ್ ಆದರು. ತಮ್ಮನ್ನು ಈ ಶಿಷ್ಯನ ಪಾದದ ಬಳಿ ಹೂಳಬೇಕೆಂದು ಅವರು ಕೇಳಿಕೊಂಡಿದ್ದರು.