ರಾಜೇಂದ್ರ ನಾರಾಯಣ ಸಿಂಗ್ ದೇವ್ ಮತ್ತು ಗಣತಂತ್ರ ಪರಿಷತ್ತು

ಸರಾಯ್‌ಕೇಲಾ ಅರಸುಮನೆತನದಲ್ಲಿ 1912ರಲ್ಲಿ ಜನಿಸಿದ ರಾಜೇಂದ್ರ ನಾರಾಯಣ ಸಿಂಗ್ ದೇವ್ ಅವರು ಪಾಟ್ನಾ ಸಂಸ್ಥಾನಕ್ಕೆ ದತ್ತುಪುತ್ರರಾಗಿ ಬಂದು, 1924ರಲ್ಲಿ ಬಾಲಕರಾಗಿದ್ದಾಗಲೇ ಪಟ್ಟವೇರಿದರು. ಇದು ಬಿಹಾರದ ಪಾಟ್ನಾ ಅಲ್ಲ. ಪಶ್ಚಿಮ ಒರಿಸ್ಸಾದಲ್ಲಿ ಬಲಾಂಗೀರ್ ರಾಜಧಾನಿಯಾಗಿದ್ದ ಸಂಸ್ಥಾನ. 1948ರ ಜನವರಿಯಲ್ಲಿ ಅದು ಒರಿಸ್ಸಾದಲ್ಲಿ ವಿಲೀನಗೊಂಡಿತು. ಆಳುವ ಅಧಿಕಾರ ಹೋದರೂ ಪ್ರಜೆಗಳ ನಿಷ್ಠೆ ಉಳಿದಿತ್ತು. 1950ರಲ್ಲಿ ರೂಪುಗೊಂಡ ಗಣತಂತ್ರ ಪರಿಷತ್ತಿಗೆ ಆ ನಿಷ್ಠೆಯೇ ಬಂಡವಾಳ. ಮಾಜಿ ಅರಸರ ಪಕ್ಷಕ್ಕೆ ಗಣತಂತ್ರದ ಹೆಸರು! ಆದರೆ ಕರಾವಳಿಯ ಮೇಲುಗೈಯ ಬಗೆಗೆ ಒಳನಾಡಿಗಿದ್ದ ಅಸಮಾಧಾನಕ್ಕೆ ಅದು ದನಿಯಾದುದನ್ನು ಮರೆಯಲಾಗದು. ವಿಧಾನಸಭೆಯ 140 ಸ್ಥಾನಗಳಲ್ಲಿ 1952ರಲ್ಲಿ 31, 1957ರಲ್ಲಿ 51 ಅದರ ಪಾಲಾದವು.

ಸಂಸ್ಥಾನಗಳ ವಿಲೀನಕ್ಕೆ ಪಟ್ಟುಹಿಡಿದಿದ್ದವರು ಕಾಂಗ್ರೆಸ್ಸಿನ ಹರೇಕೃಷ್ಣ ಮಹತಾಬ್. 1959ರಲ್ಲಿ ಅದೇ ಮಹತಾಬರ ಸಂಯುಕ್ತ ಸಂಪುಟದಲ್ಲಿ ಸಿಂಗ್ ದೇವ್ ಸಚಿವರಾದರು. ಪರಿಷತ್ತು 1962ರಲ್ಲಿ ಸ್ವತಂತ್ರ ಪಕ್ಷದೊಡನೆ ಸೇರಿತು. 1967ರಲ್ಲಿ ಅವರು ಮುಖ್ಯಮಂತ್ರಿಯಾದದ್ದೂ ಕಾಂಗ್ರೆಸ್ ತೊರೆದಿದ್ದ ಮಹತಾಬರ ಜನ ಕಾಂಗ್ರೆಸ್ಸಿನ ಆಸರೆಯಿಂದಲೇ. ಆ ಆಸರೆ ತಪ್ಪಿದಾಗ, 1971ರ ಜನವರಿಯಲ್ಲಿ, ಸರ್ಕಾರ ಬಿದ್ದಿತು. ಸಿಂಗ್ ದೇವ್ 1975ರಲ್ಲಿ ನಿಧನರಾದರು. ಅದಕ್ಕೆ ಹಿಂದಿನ ವರ್ಷವೇ ಸ್ವತಂತ್ರ ಪಕ್ಷ ಭಾರತೀಯ ಲೋಕದಳದಲ್ಲಿ ಕರಗಿಹೋಗಿತ್ತು.