ಛಾಯಾಗ್ರಾಹಕ ರಾಜಾ ದೀನ್ ದಯಾಳ್

ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಗಳು ನಿಜಾಮರ ಆಳ್ವಿಕೆಯಲ್ಲಿದ್ದಾಗ ಹೈದರಾಬಾದಿನಲ್ಲಿ ಒಬ್ಬ ಮಹಾ ಛಾಯಾಗ್ರಾಹಕರಿದ್ದರು. ಅವರೇ ರಾಜಾ ದೀನ್ ದಯಾಳ್. 1844ರಲ್ಲಿ ಮೀರತ್ ಬಳಿಯ ಸರ್ಧನಾದಲ್ಲಿ ಜನಿಸಿದ ಇವರು ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು ಇಂದೂರಿನಲ್ಲಿ ಸರಕಾರಿ ನೌಕರಿಗೆ ಸೇರಿದರು. ಕ್ಯಾಮೆರಾ ಹಿಡಿದದ್ದು ಮೂವತ್ತರ ವಯಸ್ಸಿನಲ್ಲಿ.

ಆಗ ಬಳಸುತ್ತಿದ್ದುದು ಮದ್ದು ಬಳಿದ ಗಾಜಿನ ಹಲಗೆ. ಅದರ ಮೇಲೆ ಮೂಡುವ ಲೋಕವೇ ವಿಚಿತ್ರ. ಬಿಳಿ ಅಂಗಿ ಕಪ್ಪು, ಕಪ್ಪು ಗಡ್ಡ ಬಿಳಿ, ನಡುಹಗಲಿನ ಆಕಾಶ ಇದ್ದಿಲಿನಂತೆ! ಅರಸನಾದರೂ ಅಷ್ಟೇ, ಆಳಾದರೂ ಅಷ್ಟೇ, ಮುಖಗಳೆಲ್ಲ ದೆವ್ವದ ಹಾಗೆ. ಆ ಗಾಜನ್ನು ಮದ್ದಿನ ಕಾಗದದ ಮೇಲಿಟ್ಟು ಬಿಸಿಲಿಗೆ ಒಡ್ಡಿದಾಗಲೇ ಮನುಷ್ಯನ ರೂಪ ಮರಳುತ್ತಿತ್ತು.

1886ರಲ್ಲಿ ಸಿಕಂದರಾಬಾದಿನಲ್ಲಿ ಅವರ ಸ್ಟುಡಿಯೋ ಇತ್ತು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಅವರನ್ನು ಆಸ್ಥಾನ ಛಾಯಾಗ್ರಾಹಕರನ್ನಾಗಿ ನೇಮಿಸಿ, ‘ರಾಜಾ’ ಬಿರುದು ಕೊಟ್ಟರು. ಪರದೆಯ ಸ್ತ್ರೀಯರು ಗಂಡಸರ ಮುಂದೆ ಕೂರುವಂತಿರಲಿಲ್ಲ. ಅದಕ್ಕಾಗಿ 1892ರಲ್ಲಿ ಹೈದರಾಬಾದಿನಲ್ಲಿ ಬೇರೆಯೇ ಸ್ಟುಡಿಯೋ ತೆರೆದು, ಒಬ್ಬ ಆಂಗ್ಲ ಮಹಿಳೆಗೆ ಒಪ್ಪಿಸಿದರು. ಎಂಥ ದೂರದೃಷ್ಟಿ!

ದರ್ಬಾರು, ಅರಮನೆ, ಹುಲಿಬೇಟೆಗಳ ಚಿತ್ರಗಳಿಂದಲೇ ಅವರ ಹೆಸರು ಹರಡಿತು. ಆದರೆ ಅದೇ ಕ್ಯಾಮೆರಾ ನಿಜಾಮರ ಸೀಮೆಯ ಬರಗಾಲವನ್ನೂ ಕಂಡಿತು. ಗಂಜಿಗಾಗಿ ಕಾದ, ಎಲುಬು ಕಾಣುವ ಜನರು ಅಲ್ಲಿದ್ದಾರೆ. ಹುಲಿಯ ಮೇಲೆ ಕಾಲಿಟ್ಟು ನಿಂತ ದೊರೆಗಳಿಗಿಂತ ಈ ಹಸಿದವರ ಚಿತ್ರಗಳೇ ಹೆಚ್ಚು ತೂಕದವೆಂದು ನಮಗೆ ತೋರುತ್ತದೆ. ಚೆಂದದ ಕೆಲಸಕ್ಕೆ ಹಣ ಕೊಡುವವರಿದ್ದರು. ಈ ಕತ್ತಲೆಯನ್ನು ಗೋಡೆಗೆ ತೂಗುಹಾಕುವವರು ಯಾರು?

1905ರಲ್ಲಿ ದೀನ್ ದಯಾಳರು ತೀರಿಕೊಂಡರು. ಅವರ ಎರಡು ಸಾವಿರಕ್ಕೂ ಹೆಚ್ಚು ಗಾಜಿನ ಹಲಗೆಗಳು ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವನ್ನು ಸೇರಿವೆ. ಅವುಗಳಲ್ಲಿ ದೊರೆಗಳ ಮುಖ ಇಂದಿಗೂ ಕಪ್ಪಾಗಿಯೇ ಇದೆ.